ನಕ್ಷತ್ರಿಕನ ನಗೆ

ಭರತಮುನಿಯು ರಸಗಳನ್ನು ಎಣಿಸುವಾಗ ಶೃಂಗಾರದ ಬೆನ್ನಿಗೇ ಹಾಸ್ಯವನ್ನು ಕೂರಿಸಿದ್ದಾನೆ. ಕರುಣವು ಬರುವುದು ಅದರ ಅನಂತರ. ಹಾಸ್ಯಕ್ಕೆ ಬಿಳಿಯ ಬಣ್ಣವನ್ನೂ ಅಧಿದೇವತೆಗಳಾಗಿ ಪ್ರಮಥರನ್ನೂ ಅವನು ಹೇಳಿರುವನು. ಅಲ್ಲಮಪ್ರಭುವಿನ ಬಳ್ಳಿಗಾವೆಯನ್ನೂ ಅಕ್ಕಮಹಾದೇವಿಯ ಉಡುತಡಿಯನ್ನೂ ನೆರೆಯಲ್ಲಿಟ್ಟುಕೊಂಡಿರುವ ಶಿಕಾರಿಪುರ ಸೀಮೆಯ ನಮಗೆ ಪ್ರಮಥರೆಂದರೆ ಸಾಮಾನ್ಯರಲ್ಲ, ಕೈಮುಗಿಯಬೇಕಾದವರು. ಇಷ್ಟು ದೊಡ್ಡ ಮನೆತನದ ರಸಕ್ಕೆ ನಮ್ಮ ವಿದ್ಯಾವಂತರ ಮನೆಗಳಲ್ಲಿ ಮಾತ್ರ ಜಗಲಿಯವರೆಗೇ ಪ್ರವೇಶ. ನಾಟಕವನ್ನು ನೋಡಿ ಬಂದವರು ನಾಯಕನ ಹಾಡನ್ನು ಹೊಗಳುತ್ತಾರೆ. ನಾಯಿಕೆಯ ಶೋಕವನ್ನು ನೆನೆದು ಕಣ್ಣೊರಸಿಕೊಳ್ಳುತ್ತಾರೆ. ಹಾಸ್ಯಗಾರನ ಮಾತು ಬಂದರೆ "ಏನೋ, ಹೊತ್ತು ಹೋಯಿತು" ಎಂದು ಸುಮ್ಮನಾಗುತ್ತಾರೆ. ಹೊಟ್ಟೆ ಹುಣ್ಣಾಗುವಂತೆ ನಕ್ಕವರೂ ಇವರೇ!

ಹಳ್ಳಿಯ ಜನರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು. ಬಯಲಾಟದ ಮೇಳವೊಂದು ಬರುವುದೆಂದು ತಿಳಿದರೆ ಅವರು ಮೊದಲು ಕೇಳುವ ಪ್ರಶ್ನೆ, "ಹಾಸ್ಯಗಾರ ಯಾರು?" ಎಂಬುದು. ಘಟ್ಟದ ಕೆಳಗೆ ಹೊನ್ನಾವರದ ಸಮೀಪದ ಕರ್ಕಿಯಲ್ಲಿ ಹಾಸ್ಯಗಾರ ಎಂಬುದು ಒಂದು ಮನೆತನದ ಹೆಸರೇ ಆಗಿದೆ. ರಾಜನ ವೇಷದವನನ್ನು ಮರೆತಾರು, ರಾಜನಿಗೆ ಎದುರುತ್ತರ ಕೊಟ್ಟ ದೂತನನ್ನು ಮರೆಯರು. ಹೀಗೆ ಜನರು ಮರೆಯದೆ ಉಳಿಸಿಕೊಂಡಿರುವ ಒಬ್ಬ ಹಾಸ್ಯನಟನನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಬಹುದಿನದ ಆಸೆ. ಅವರೇ ತಿಪಟೂರಿನ ರಾಮರಾಜು ನರಸಿಂಹರಾಜು. ಕನ್ನಡ ನಾಡೆಲ್ಲ ಅವರನ್ನು ಹಾಸ್ಯಚಕ್ರವರ್ತಿಯೆಂದು ಕರೆಯಿತು. ಆದರೆ ನಮ್ಮ ಅಂಜನಾಪುರದ ಹಿರಿಯರ ಬಾಯಲ್ಲಿ ಅವರು ಬರಿಯ "ನಮ್ಮ ನರಸಿಂಹರಾಜು". ಈ "ನಮ್ಮ" ಎಂಬ ಎರಡಕ್ಷರದ ಬಿರುದು ಚಕ್ರವರ್ತಿ ಪದವಿಗಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ.

ಅವರು ಹುಟ್ಟಿದ್ದು 1923ರ ಜುಲೈ ತಿಂಗಳಲ್ಲಿ. ತಂದೆ ಪೊಲೀಸು ಇಲಾಖೆಯ ನೌಕರರು. ಮಗುವಿಗೆ ಸುಮಾರು 4 ವರ್ಷವಾಗಿದ್ದಾಗಲೇ ಅದು ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಯನ್ನು ಸೇರಿತು. ಅಕ್ಷರಾಭ್ಯಾಸಕ್ಕೆ ಮೊದಲೇ ಬಣ್ಣದ ಅಭ್ಯಾಸವಾಯಿತೆನ್ನಬೇಕು. ಆ ಕಾಲದ ನಾಟಕದ ಕಂಪನಿಯೆಂದರೆ ಬಾಲಕರ ಪಾಲಿಗೆ ಮನೆಯೂ ಅದೇ, ಮಠವೂ ಅದೇ. ಬೆಳಗಾದರೆ ಹಾರ್ಮೋನಿಯಮ್ಮಿನ ಮುಂದೆ ಕುಳಿತು ಕಂದಪದ್ಯಗಳ ಪಾಠ. ರಾತ್ರಿಯಾದರೆ ಗ್ಯಾಸ್‌ದೀಪದ ಕೆಳಗೆ ದೇವರ ಪಾತ್ರ. ಹುಡುಗ ನರಸಿಂಹರಾಜು ಕೃಷ್ಣನಾದರು, ಪ್ರಹ್ಲಾದನಾದರು, ಮಾರ್ಕಂಡೇಯನಾದರು, ಲೋಹಿತಾಶ್ವನಾದರು. ವಾಚಕರು ಈ ಕೊನೆಯ ಹೆಸರನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಬೇಡುತ್ತೇನೆ.

ಬಾಲನಟನ ಭಾಗ್ಯವು ಗಂಟಲು ಒಡೆಯುವವರೆಗೆ ಮಾತ್ರ. ಆಮೇಲೆ ಅವನು ಕೃಷ್ಣನೂ ಅಲ್ಲ, ಅರ್ಜುನನೂ ಅಲ್ಲ. ನರಸಿಂಹರಾಜುಗಳಿಗೆ ಪ್ರಕೃತಿಯು ಕೊಟ್ಟಿದ್ದು ಒಂದು ಬಡಕಲು ಮೈ, ತುಟಿಯೊಳಗೆ ನಿಲ್ಲಲೊಲ್ಲದ ಎರಡು ಮುಂದಿನ ಹಲ್ಲು, ಮತ್ತು ಯಾವಾಗಲೂ ಏನೋ ಕೇಳಿ ಬೆರಗಾದಂತಿರುವ ಎರಡು ಕಣ್ಣು. ಮದುವೆಯ ಮಾರುಕಟ್ಟೆಯಲ್ಲಿ ಇವು ದೋಷಗಳ ಪಟ್ಟಿಗೆ ಸೇರುವಂಥವು. ಇವನ್ನೇ ಬಂಡವಾಳವಾಗಿ ಹೂಡಿ ಅವರು ದಶಕಗಳ ಕಾಲ ವ್ಯಾಪಾರ ನಡೆಸಿದರು. ತನ್ನ ದೇಹದ ಕೊರತೆಯನ್ನು ತಾನೇ ಮೊದಲು ಕಂಡು ನಕ್ಕವನನ್ನು ಲೋಕವು ನೋಯಿಸುವುದು ಕಷ್ಟ. ಅವರ ಹಾಸ್ಯದಲ್ಲಿ ಕುಂಟನನ್ನೂ ಕುರುಡನನ್ನೂ ಹಂಗಿಸುವ ಚಪಲ ನನಗೆ ಕಾಣದಿರುವುದಕ್ಕೆ ಇದೇ ಕಾರಣವಿರಬೇಕೆಂದು ನನ್ನ ಎಣಿಕೆ. ಹಂಗಿಸಬೇಕಾದ ದೇಹ ಅವರ ಬಳಿಯೇ ಇತ್ತು.

ಕನ್ನಡ ರಂಗಭೂಮಿಯಲ್ಲಿ ಹಾಸ್ಯನಟನಾಗುವುದೆಂದರೆ ಮೂಲೆಗೆ ಸರಿಯುವುದೆಂದು ಯಾರೂ ತಿಳಿಯಬಾರದು. ನಮ್ಮ ಎರಡು ದೊಡ್ಡ ಕಂಪನಿಗಳ ಯಜಮಾನರೇ ಹಾಸ್ಯನಟರಾಗಿದ್ದರು. ಮೈಸೂರು ಮಹಾರಾಜರಿಂದ ನಾಟಕರತ್ನವೆನ್ನಿಸಿಕೊಂಡ ಗುಬ್ಬಿ ವೀರಣ್ಣನವರು ಕುರುಕ್ಷೇತ್ರದ ನಾಟಕಕ್ಕೆ ಆನೆ ಕುದುರೆಗಳನ್ನು ರಂಗದ ಮೇಲೆ ತಂದವರು. ಆದರೂ ಜನರು ಅವರನ್ನು ಹೆಚ್ಚಾಗಿ ನೆನೆದದ್ದು ಸದಾರಮೆಯ ಕಳ್ಳನಾಗಿ. ಕೆ. ಹಿರಣ್ಣಯ್ಯನವರ ಮಿತ್ರಮಂಡಳಿಯ ಹೆಸರೇ ಪ್ರೇಕ್ಷಕರ ತುಟಿಯಲ್ಲಿ ನಗೆಯನ್ನು ತರುತ್ತಿತ್ತು. ಮುಂದೆ ಅವರ ಮಗ ಮಾಸ್ಟರ್ ಹಿರಣ್ಣಯ್ಯನವರು ಲಂಚಾವತಾರದ ಮೂಲಕ ಅದೇ ನಗೆಗೆ ಅಲಗು ಹಚ್ಚಿದರು. ನರಸಿಂಹರಾಜುಗಳು ಈ ಎರಡು ಗರಡಿಗಳಲ್ಲೂ ಸಾಮು ಮಾಡಿದವರು. ನಗಿಸುವುದು ಕಂಪನಿಯ ಅನ್ನದ ಪ್ರಶ್ನೆ, ಅದರಲ್ಲಿ ಅಲಕ್ಷ್ಯ ಕೂಡದೆಂಬ ಪಾಠವನ್ನು ಅವರು ಅಲ್ಲಿಯೇ ಕಲಿತಿರಬೇಕು.

1954ರಲ್ಲಿ "ಬೇಡರ ಕಣ್ಣಪ್ಪ" ವಾಕ್ಚಿತ್ರವು ಬಂದಿತು. ಗುಬ್ಬಿ ಕಂಪನಿಯವರ ಸಂಬಂಧದಿಂದ, ಎಚ್. ಎಲ್. ಎನ್. ಸಿಂಹರ ನಿರ್ದೇಶನದಲ್ಲಿ ತಯಾರಾದ ಆ ಚಿತ್ರದಲ್ಲಿ ಕಣ್ಣಪ್ಪನಾಗಿ ರಾಜಕುಮಾರರೂ, ಅರ್ಚಕನ ಮಗ ಕಾಶಿಯಾಗಿ ನರಸಿಂಹರಾಜುಗಳೂ ಕಾಣಿಸಿಕೊಂಡರು. ಒಬ್ಬರು ಕಣ್ಣನ್ನು ಕಿತ್ತುಕೊಟ್ಟು ಅಳಿಸಿದರು, ಇನ್ನೊಬ್ಬರು ಕಣ್ಣನ್ನು ಬಿಟ್ಟು ನಗಿಸಿದರು. ಅಲ್ಲಿಂದ 25 ವರ್ಷಗಳ ಕಾಲ ಕನ್ನಡದ ಚಿತ್ರವೆಂದರೆ ಅದರಲ್ಲಿ ನರಸಿಂಹರಾಜು ಇರಲೇಬೇಕೆಂಬಂತಾಯಿತು. ಅವರು ಅಭಿನಯಿಸಿದ ಚಿತ್ರಗಳು 250ಕ್ಕೂ ಮಿಕ್ಕವು. ವರ್ಷಕ್ಕೆ ಹತ್ತರಂತೆ ಲೆಕ್ಕ ಹಾಕಿದರೆ, ಬಣ್ಣವನ್ನು ತೊಳೆದುಕೊಳ್ಳಲು ಅವರಿಗೆ ಹೊತ್ತೆಲ್ಲಿತ್ತೆಂದು ಆಶ್ಚರ್ಯವಾಗುತ್ತದೆ.

ಆದರೆ ಆ ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಕನ್ನಡ ಚಿತ್ರಗಳು ಆಗ ತಯಾರಾಗುತ್ತಿದ್ದುದು ಮದರಾಸಿನಲ್ಲಿ, ಅವೂ ವರ್ಷಕ್ಕೆ ಬೆರಳೆಣಿಕೆಯಷ್ಟು. ಕಲಾವಿದರಿಗೆ ಹೆಸರು ಬಂದಿದ್ದರೂ ಕೆಲಸವಿರಲಿಲ್ಲ. ಆಗ ರಾಜಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಈ ನಾಲ್ವರೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಊರೂರಿಗೆ ಹೋಗಿ ನಾಟಕಗಳನ್ನಾಡಿದರು. 1960ರಲ್ಲಿ "ರಣಧೀರ ಕಂಠೀರವ"ವನ್ನು ತೆರೆಗೆ ತಂದರು. ಈ ನಾಲ್ವರಲ್ಲಿ ಇಬ್ಬರು ಹಾಸ್ಯನಟರೆಂಬುದನ್ನು ನಾವು ಗಮನಿಸಬೇಕು. ಕನ್ನಡ ಚಿತ್ರರಂಗದ ಗೋಡೆ ಬಿರುಕುಬಿಟ್ಟಾಗ ಹೆಗಲು ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ನಗಿಸುವವರು.

ಬಾಲಕೃಷ್ಣರನ್ನು ಬಿಟ್ಟು ನರಸಿಂಹರಾಜುಗಳ ಕಥೆಯನ್ನು ಹೇಳಬರುವುದಿಲ್ಲ. ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದ ಬಾಲಕೃಷ್ಣರಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆಯನ್ನು ನೋಡಿಯೇ ಅವರು ಮಾತನ್ನು ಗ್ರಹಿಸಿ, ತಾಳ ತಪ್ಪದಂತೆ ಉತ್ತರವನ್ನು ಕೊಡುತ್ತಿದ್ದರು. ಹಲ್ಲು ಮುಂದೆ ಬಂದ ತುಟಿಯೊಂದು ಆಡಿದ ಮಾತನ್ನು ಕಿವಿ ಕೇಳದ ಇನ್ನೊಬ್ಬರು ಕಣ್ಣಿನಿಂದ ಕೇಳಿಸಿಕೊಂಡು, ಇಬ್ಬರೂ ಸೇರಿ ನಾಡನ್ನೇ ನಗಿಸಿದರೆಂದರೆ, ಪರಸ್ಪರ ಎಷ್ಟು ಎಚ್ಚರವೂ ಎಷ್ಟು ವಿಶ್ವಾಸವೂ ಇದ್ದಿರಬೇಕು! ಒಬ್ಬರು ಲೋಕವನ್ನು ಹೂಡಿ ಕೆಡವುವ ಕುಹಕಿ, ಇನ್ನೊಬ್ಬರು ಹೂಡಿದ ಬಲೆಗೆಲ್ಲ ಬೀಳುವ ಸಾಧು. ನೋಡುವವರಿಗೆ ಇದು ಸಲೀಸಾದ ಆಟವೆಂದೇ ತೋರುತ್ತಿತ್ತು. ಮುಂದೆ ಬಾಲಕೃಷ್ಣರು ಬೆಂಗಳೂರಿನ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋವನ್ನು ಕಟ್ಟುವ ಸಾಹಸಕ್ಕೆ ಕೈಹಾಕಿದರು; 1995ರಲ್ಲಿ ತೀರಿಕೊಂಡರು.

ಇನ್ನು ನಕ್ಷತ್ರಿಕನ ವಿಷಯ. "ನಕ್ಷತ್ರಿಕನ ಹಾಗೆ ಬೆನ್ನು ಹತ್ತಿದ್ದಾನೆ" ಎಂಬ ಮಾತು ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಹೆಚ್ಚಾಗಿ ಕೇಳಿಬರುತ್ತದೆ. ಕುಮುದ್ವತಿಗೆ ಅಡ್ಡಲಾಗಿ ಅಂಜನಾಪುರದ ಜಲಾಶಯವು ನಿಂತಿರುವುದು ನಮ್ಮ ಪುಣ್ಯ. ಆದರೂ ಕಟ್ಟೆ ತುಂಬದ ವರ್ಷವೆಂಬುದೊಂದಿರುತ್ತದೆ, ಆ ವರ್ಷ ಸಾಲ ಕೊಟ್ಟವನು ಬಾಗಿಲಿಗೆ ಬಂದು ಕುಳಿತೇ ಕುಳಿತಿರುತ್ತಾನೆ. ರಾಘವಾಂಕನ ಕಾವ್ಯವನ್ನು ಓದದವರಿಗೂ ನಕ್ಷತ್ರಿಕನ ಪರಿಚಯವುಂಟಾಗಿರುವುದು ಹೀಗೆ. ವಿಶ್ವಾಮಿತ್ರನಿಗೆ ಸಲ್ಲಬೇಕಾದ ಹಣದ ವಸೂಲಿಗೆಂದು ಹರಿಶ್ಚಂದ್ರನ ಹಿಂದೆ ಬಂದ ಶಿಷ್ಯ ಅವನು. ರಾಜ್ಯವನ್ನು ಬಿಟ್ಟು ಹೆಂಡತಿ ಮಗನೊಡನೆ ಕಾಡಿನಲ್ಲಿ ನಡೆಯುತ್ತಿರುವ ಸತ್ಯವಂತನನ್ನು ಹೆಜ್ಜೆಹೆಜ್ಜೆಗೂ ಕಾಡುವವನು. ಕಂಪನಿ ನಾಟಕಗಳಲ್ಲಿ ಅವನಿಗೆ ಕಾಲು ನೋಯುತ್ತದೆ, ಹೊಟ್ಟೆ ಹಸಿಯುತ್ತದೆ, ನೆರಳು ಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಹಣ ಬೇಕಾಗುತ್ತದೆ. ಕಥೆಯ ದೃಷ್ಟಿಯಿಂದ ಇಷ್ಟು ಕ್ರೂರವಾದ ಪಾತ್ರ ಬೇರೊಂದಿಲ್ಲ. ಇದನ್ನು ಹಾಸ್ಯಗಾರನಿಗೆ ಕೊಟ್ಟ ನಮ್ಮ ಹಿಂದಿನ ನಾಟಕಕಾರರು ಮನುಷ್ಯಸ್ವಭಾವವನ್ನು ಬಲ್ಲವರು.

1965ರಲ್ಲಿ ಹುಣಸೂರು ಕೃಷ್ಣಮೂರ್ತಿಗಳು ನಿರ್ದೇಶಿಸಿದ "ಸತ್ಯ ಹರಿಶ್ಚಂದ್ರ"ವು ಬಂದಿತು. ರಾಜಕುಮಾರರು ಹರಿಶ್ಚಂದ್ರ, ಪಂಢರೀಬಾಯಿಯವರು ಚಂದ್ರಮತಿ, ಉದಯಕುಮಾರರು ವಿಶ್ವಾಮಿತ್ರ, ನರಸಿಂಹರಾಜುಗಳು ನಕ್ಷತ್ರಿಕ. ನಮ್ಮ ಕಡೆಯ ಡೇರೆಗೆ ಅದು ಬಂದಾಗ ಸುಗ್ಗಿ ಮುಗಿದಿತ್ತು. ಆ ವರ್ಷ ನಮ್ಮ ಮನೆಯಲ್ಲಿ ದೊಡ್ಡಮ್ಮನ ಒಬ್ಬನೇ ಮಗ, ನನ್ನ ಓರಗೆಯ ಹುಡುಗ, ಜ್ವರದಲ್ಲಿ ತೀರಿಹೋಗಿ ಎಂಟು ತಿಂಗಳಾಗಿದ್ದುವು. ದೊಡ್ಡಮ್ಮ ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಹೊತ್ತಿಗೆ ಸರಿಯಾಗಿ ಏಳುತ್ತಿದ್ದಳು, ಹಾಲು ಕರೆಯುತ್ತಿದ್ದಳು, ಎಲ್ಲರಿಗೂ ಬಡಿಸುತ್ತಿದ್ದಳು. ಮಾತ್ರ ಮುಖವು ಕದ ಹಾಕಿದ ಮನೆಯಂತಿತ್ತು. ಆ ಮೌನಕ್ಕೆ ಹೆದರಿ ಮಕ್ಕಳಾದ ನಾವು ಅಡಿಗೆಮನೆಯಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದೆವು.

ಸಿನಿಮಾಕ್ಕೆ ಬರಲು ಅವಳು ಒಪ್ಪಲಿಲ್ಲ. "ದೇವರ ಕಥೆ, ನೋಡಿದರೆ ಪುಣ್ಯ" ಎಂದು ಅಜ್ಜಿ ಒತ್ತಾಯ ಮಾಡಿ ಗಾಡಿಗೆ ಹತ್ತಿಸಿದಳು. ಆ ಕಥೆಯಲ್ಲಿ ತಾಯಿಯೊಬ್ಬಳ ಮಗ ಸಾಯುತ್ತಾನೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಆದರೂ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಡೇರೆಯಲ್ಲಿ ಹೆಂಗಸರ ಕಡೆ ಚಾಪೆ ಹಾಸಿಕೊಂಡು ಕುಳಿತೆವು. ನಾನು ದೊಡ್ಡಮ್ಮನ ಮಗ್ಗುಲಲ್ಲಿದ್ದೆ. ನಕ್ಷತ್ರಿಕ ಬಂದ. ಆ ಹಲ್ಲು, ಆ ಒಣಗಿದ ಮೈ, ಸಾಕ್ಷಾತ್ ಸಾಲದ ಚೀಟಿಯೇ ಎದ್ದು ನಡೆದುಬಂದಂಥ ಆ ನಡಿಗೆ! ಡೇರೆಗೆ ಡೇರೆಯೇ ನಕ್ಕಿತು. ನಾನು ಭಯದಿಂದ ದೊಡ್ಡಮ್ಮನ ಕಡೆ ತಿರುಗಿ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು; ಭುಜಗಳು ಕುಲುಕುತ್ತಿದ್ದುವು. ಅಳುತ್ತಿರುವಳೆಂದುಕೊಂಡೆ. ಅಲ್ಲ, ನಗುತ್ತಿದ್ದಳು. ಅಜ್ಜಿ ಅವಳ ಬೆನ್ನಮೇಲೆ ಕೈಯಿಟ್ಟಾಗ, "ಆ ಮುಖ ನೋಡಿದರೆ ನಗದೆ ಇರೋದು ಹೇಗತ್ತೆ?" ಎಂದಳು. ಎಂಟು ತಿಂಗಳಲ್ಲಿ ಅವಳು ತಾನಾಗಿ ಆಡಿದ ಮೊದಲನೆಯ ಮಾತು ಅದು.

ಮುಂದೆ ಲೋಹಿತಾಶ್ವನನ್ನು ಹಾವು ಕಚ್ಚಿತು. ಚಂದ್ರಮತಿಯು ಮಗನ ದೇಹವನ್ನು ಹೊತ್ತು ಸ್ಮಶಾನಕ್ಕೆ ಬಂದಳು. ಆಗ ದೊಡ್ಡಮ್ಮ ಅತ್ತಳು. ಸದ್ದು ಮಾಡಿ, ಸಂಕೋಚವಿಲ್ಲದೆ, ಸುತ್ತ ಕುಳಿತ ನೂರು ಮಂದಿ ಹೆಂಗಸರೊಡನೆ ತಾನೂ ಒಬ್ಬಳಾಗಿ ಅತ್ತಳು. ಮನೆಗೆ ಹಿಂದಿರುಗುವಾಗ ಗಾಡಿಯಲ್ಲಿ ನನ್ನ ತಲೆಯನ್ನು ತೊಡೆಯಮೇಲಿಟ್ಟುಕೊಂಡು, ತೀರಿಹೋದ ಮಗನ ಹೆಸರನ್ನು ಹೇಳಿ, ಅವನೂ ನಾನೂ ಹೊಲದಲ್ಲಿ ಮಾಡಿದ ಯಾವುದೋ ತುಂಟತನವನ್ನು ಕೇಳಿದಳು. ಆ ಹೆಸರು ನಮ್ಮ ಮನೆಯಲ್ಲಿ ಮತ್ತೆ ಓಡಾಡತೊಡಗಿದ್ದು ಅಂದಿನಿಂದ.

ಈ ಸಂಗತಿಯನ್ನು ನಾನು ಅನೇಕ ವರ್ಷಗಳ ಕಾಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಕರುಣರಸದ ನಡುವೆ ಪ್ರೇಕ್ಷಕರಿಗೆ ಬೇಸರವಾಗದಿರಲೆಂದು ಹಾಸ್ಯವನ್ನು ಸೇರಿಸುತ್ತಾರೆಂಬುದು ಸಾಮಾನ್ಯವಾದ ಅಭಿಪ್ರಾಯ. ಊಟದ ನಡುವೆ ಉಪ್ಪಿನಕಾಯಿ ಇದ್ದಂತೆ ಎನ್ನುತ್ತಾರೆ. ನಾನು ಕಂಡದ್ದು ಬೇರೆ. ಮುಚ್ಚಿದ ಎದೆಯನ್ನು ದುಃಖವು ಎಷ್ಟು ಬಡಿದರೂ ಅದು ತೆರೆಯುವುದಿಲ್ಲ; ಇನ್ನಷ್ಟು ಬಿಗಿದುಕೊಳ್ಳುತ್ತದೆ. ನಗೆಯು ಬಂದು ಅಗುಳಿಯನ್ನು ಸರಿಸಬೇಕು. ಆಮೇಲೆ ಒಳಗಿದ್ದ ಅಳು ಹೊರಕ್ಕೆ ಬರುತ್ತದೆ. ಭರತನು ಹಾಸ್ಯವನ್ನು ಕರುಣಕ್ಕಿಂತ ಮೊದಲು ಹೇಳಿದ್ದಕ್ಕೆ ಶಾಸ್ತ್ರಜ್ಞರು ಬೇರೆ ಕಾರಣಗಳನ್ನು ಕೊಟ್ಟಾರು. ನನಗೆ ಆ ಡೇರೆಯಲ್ಲಿ ಸಿಕ್ಕ ಕಾರಣವೇ ಸಾಕು. ಬಾಲ್ಯದಲ್ಲಿ ಲೋಹಿತಾಶ್ವನಾಗಿ ರಂಗದ ಮೇಲೆ ಮಲಗಿ, ತಾಯಿಯ ಪಾತ್ರದವರ ಗೋಳನ್ನೂ ಕತ್ತಲೆಯಿಂದ ಕೇಳಿಬರುವ ಪ್ರೇಕ್ಷಕರ ಬಿಕ್ಕುಗಳನ್ನೂ ಕಣ್ಣುಮುಚ್ಚಿ ಕೇಳಿದ ಹುಡುಗನೇ ಮುಂದೆ ನಕ್ಷತ್ರಿಕನಾದನು. ಜನರಿಗೆ ಎಷ್ಟು ನಗೆ ಬೇಕಾಗಿದೆಯೆಂಬುದನ್ನು ಅವನು ಶವದ ಸ್ಥಾನದಲ್ಲಿ ಮಲಗಿಯೇ ಕಲಿತನೆಂದರೆ ಅತಿಶಯೋಕ್ತಿಯಾಗಲಾರದು.

ಹೊರನಾಡುಗಳಲ್ಲಿಯೂ ಇಂಥ ನಟರು ಇಲ್ಲದಿಲ್ಲ. ಈಜಿಪ್ಟ್ ದೇಶದ ಇಸ್ಮಾಯಿಲ್ ಯಾಸೀನ್ ಎಂಬಾತನನ್ನು ಕುರಿತು ಓದಿದಾಗ ನನಗೆ ನಮ್ಮ ನರಸಿಂಹರಾಜುಗಳ ಸೋದರನನ್ನು ಕಂಡಂತಾಯಿತು. 1912ರಲ್ಲಿ ಸೂಯೆಜ್ ಪಟ್ಟಣದಲ್ಲಿ ಹುಟ್ಟಿ, ಹಾಡುಗಾರನಾಗಬೇಕೆಂದು ಕೈರೋ ನಗರಕ್ಕೆ ಹೋದ ಆತನಿಗೆ ದೇವರು ಅಗಲವಾದ ಬಾಯೊಂದನ್ನು ಕೊಟ್ಟಿದ್ದನು. ಅರಬ್ಬೀ ಭಾಷೆಯನ್ನಾಡುವ ಜನರೆಲ್ಲ ಆ ಬಾಯನ್ನು ನೋಡಿಯೇ ನಗುತ್ತಿದ್ದರು. "ಇಸ್ಮಾಯಿಲ್ ಯಾಸೀನ್ ಸೈನ್ಯದಲ್ಲಿ", "ಇಸ್ಮಾಯಿಲ್ ಯಾಸೀನ್ ನೌಕಾದಳದಲ್ಲಿ" ಎಂದು ಚಿತ್ರಗಳಿಗೆ ಆತನ ಹೆಸರನ್ನೇ ಇಡುವಷ್ಟು ಪ್ರೀತಿ ಅಲ್ಲಿಯವರಿಗೆ. ಆದರೆ ಕಡೆಗಾಲದಲ್ಲಿ ಅವಕಾಶಗಳು ಕಡಿಮೆಯಾಗಿ, ಹಣದ ಮುಗ್ಗಟ್ಟಿನಲ್ಲಿ ನೊಂದು, 1972ರಲ್ಲಿ ಆತನು ತೀರಿಕೊಂಡನು. ಇಲ್ಲಿ ಹಲ್ಲು, ಅಲ್ಲಿ ಬಾಯಿ. ನಗಿಸುವವನ ಮುಖವನ್ನು ಜನರು ತಮ್ಮ ಮನೆಯ ಪಾತ್ರೆಯಂತೆ ಬಳಸುತ್ತಾರೆ. ಅದು ಸವೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ನರಸಿಂಹರಾಜುಗಳ ನೂರನೆಯ ಚಿತ್ರವು 1967ರಲ್ಲಿ ಬಂದ "ನಕ್ಕರೆ ಅದೇ ಸ್ವರ್ಗ". ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಮೊದಲ ಬಾರಿಗೆ ಕನ್ನಡದಲ್ಲಿ ಹಾಡಿದ್ದೂ ಅದರಲ್ಲಿಯೇ. 1970ರ "ಶ್ರೀ ಕೃಷ್ಣದೇವರಾಯ" ಚಿತ್ರದಲ್ಲಿ ಅವರು ತೆನಾಲಿ ರಾಮಕೃಷ್ಣನಾದರು. 1974ರಲ್ಲಿ ತಾವೇ ನಿರ್ಮಿಸಿದ "ಪ್ರೊಫೆಸರ್ ಹುಚ್ಚೂರಾಯ"ದಲ್ಲಿ ಕಥಾನಾಯಕರೂ ಆದರು. ಈ ಹೆಸರನ್ನು ಕೇಳಿ ಬೇರೆ ಊರಿನವರು ನಕ್ಕಿರಬಹುದು. ಶಿಕಾರಿಪುರದವರಾದ ನಾವು ಮೊದಲು ಕೈಮುಗಿದೇವು. ನಮ್ಮೂರ ಆಂಜನೇಯನ ಹೆಸರೇ ಹುಚ್ಚರಾಯಸ್ವಾಮಿ, ಕೆರೆಯೂ ಹುಚ್ಚರಾಯನದೇ, ಮನೆಗೊಬ್ಬ ಹುಚ್ಚರಾಯಪ್ಪ ಇಲ್ಲದ ಕೇರಿಯಿಲ್ಲ. ಲೋಕವು ಹುಚ್ಚೆಂದು ನಗುವುದನ್ನು ದೇವರ ಹೆಸರಾಗಿಸಿ ಮಕ್ಕಳಿಗಿಟ್ಟ ಸೀಮೆ ನಮ್ಮದು. ನಗೆಯನ್ನೂ ಭಕ್ತಿಯನ್ನೂ ಒಂದೇ ಬಾಯಲ್ಲಿ ಇಟ್ಟುಕೊಳ್ಳುವ ಈ ಅಭ್ಯಾಸವಿದ್ದುದರಿಂದಲೇ ನಮ್ಮ ಹಿರಿಯರಿಗೆ ಆ ನಟನು ಅಷ್ಟು ಬೇಗನೆ ಸ್ವಂತದವನಾದನೆಂದು ನನಗನ್ನಿಸುತ್ತದೆ.

1979ರ ಜುಲೈ ತಿಂಗಳಲ್ಲಿ, 56 ವರ್ಷಗಳು ತುಂಬುವುದಕ್ಕೆ ಮೊದಲೇ, ನರಸಿಂಹರಾಜುಗಳು ಕಾಲವಾದರು. 2008ರಲ್ಲಿ "ಸತ್ಯ ಹರಿಶ್ಚಂದ್ರ"ಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ದೊಡ್ಡಮ್ಮ ಆಗ ಇರಲಿಲ್ಲ. ಈಗ ನಮ್ಮ ಮೊಮ್ಮಕ್ಕಳು ಅಂಗೈಯಗಲದ ಫೋನಿನಲ್ಲಿ ಆ ನಕ್ಷತ್ರಿಕನನ್ನು ನೋಡುತ್ತಾರೆ. ಕಂದಪದ್ಯದ ಅರ್ಥ ಅವರಿಗಾಗದು, ಸಾಲದ ಭಯವೂ ಅವರಿಗಿನ್ನೂ ತಿಳಿಯದು. ಆದರೂ ಆ ನಡಿಗೆಯನ್ನು ಕಂಡು ನಗುತ್ತಾರೆ.

ನಮ್ಮ ಜಿಲ್ಲೆಯ ಮೇಳಗಳಲ್ಲಿಯೂ ಕಂಪನಿಗಳಲ್ಲಿಯೂ ಹೀಗೆ ನಗಿಸಿ, ಬಣ್ಣವನ್ನು ಒರಸಿಕೊಂಡು ಊರಿಗೆ ಹಿಂದಿರುಗಿ, ಹೊಲದಲ್ಲಿ ದುಡಿದು ತೀರಿಹೋದವರು ಎಷ್ಟೋ ಮಂದಿ ಇದ್ದಾರೆ. ಕವಿಗಳ ಜಯಂತಿಯನ್ನು ನಡೆಸುವ ನಮ್ಮ ಸಂಘವು ವರ್ಷಕ್ಕೊಂದು ದಿನವನ್ನು ಇವರಿಗಾಗಿ ತೆಗೆದಿಟ್ಟು, ಸೊರಬ, ಸಾಗರ, ಶಿಕಾರಿಪುರಗಳ ಮುದುಕರಿಂದ ಇವರ ಹೆಸರುಗಳನ್ನೂ ಇವರ ಮಾತುಗಳನ್ನೂ ಬರೆಯಿಸಿಕೊಂಡರೆ ದೊಡ್ಡ ಉಪಕಾರವಾದೀತು. ಕೇಳಬೇಕಾದ ಮುದುಕರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಯಾವ ಹಾಸ್ಯಗಾರನು ಯಾವ ಊರಿನಲ್ಲಿ ಯಾವ ಮನೆಯ ಅಗುಳಿಯನ್ನು ಸರಿಸಿದನೆಂಬುದನ್ನು ಅವರಲ್ಲದೆ ಬೇರೆ ಯಾರೂ ಹೇಳಲಾರರು.